ಕರಹಾಟದ ಕಲ್ಲುಮನೆಗಳು

ಶಕ 1032, ಅಂದರೆ ಕ್ರಿ.ಶ. 1110. ಕೊಲ್ಹಾಪುರದ ಶಿಲಾಹಾರ ಅರಸ ಗಂಡರಾದಿತ್ಯ ಮಿರಿಂಜೆ ನಾಡಿನ ಇರುಕುಡಿಯಲ್ಲಿ ದೊಡ್ಡದೊಂದು ಕೆರೆ ಕಟ್ಟಿಸಿದ. ತನ್ನ ಹೆಸರಿಟ್ಟು ಅದನ್ನು ಗಂಡಸಮುದ್ರ ಎಂದು ಕರೆದ. ಆ ಕೆರೆಯ ದಂಡೆಯ ಮೇಲೆ ಈಶ್ವರನನ್ನೂ ಬುದ್ಧನನ್ನೂ ಅರ್ಹಂತನನ್ನೂ ನೆಲೆಗೊಳಿಸಿದ. ಮೂವರಿಗೂ ಬೇರೆಬೇರೆ ಭೂಮಿ ಬಿಟ್ಟು ತಾಮ್ರಪಟದಲ್ಲಿ ಬರೆಸಿದ. ಮಿರಿಂಜೆ ಎಂದರೆ ಇಂದಿನ ಮಿರಜ.

ಈ ಸಂಗತಿಯನ್ನು ಮೊದಲು ಓದಿದಾಗ ನನ್ನ ಕಣ್ಣು ನಿಂತದ್ದು ಮೂವರಲ್ಲಿ ನಡುವಿನ ಬುದ್ಧನ ಹೆಸರಿನ ಮೇಲೆ. ಮಿರಜ ಎಂದರೆ ನಮ್ಮ ಮನಸ್ಸಿಗೆ ಬರುವುದು ಸಿತಾರು ತಂಬೂರಿ ಮಾಡುವವರ ಓಣಿ, ಖಾನ್‌ಸಾಹೇಬ ಅಬ್ದುಲ್ ಕರೀಂ ಖಾನರು ಮಲಗಿರುವ ದರ್ಗಾ, ಹುಬ್ಬಳ್ಳಿ ಬೆಳಗಾವಿಯ ಗಾಡಿಗಳೆಲ್ಲ ನಿಂತು ಹೋಗುವ ಜಂಕ್ಷನ್, ಊರೂರುಗಳಿಂದ ರೋಗಿಗಳು ಬರುವ ದವಾಖಾನೆಗಳು. ಅಲ್ಲಿಯೇ, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲದಲ್ಲಿ, ಬುದ್ಧನಿಗೆ ಹೊಸದಾಗಿ ಗುಡಿ ಎದ್ದಿತ್ತು. ಬೌದ್ಧಧರ್ಮ ನಮ್ಮ ಸೀಮೆಯಿಂದ ಬಹು ಹಿಂದೆಯೇ ಹೊರಟುಹೋಯಿತು ಎಂದು ಶಾಲೆಯಲ್ಲಿ ಕಲಿತವರಿಗೆ ಇದು ನಂಬಲು ಕಷ್ಟ. ಆದರೆ ಇದೊಂದೇ ಅಲ್ಲ. ಇದಕ್ಕೆ ಸುಮಾರು ಹದಿನೈದು ವರ್ಷ ಮೊದಲು, 1095ರಲ್ಲಿ, ಗದಗ ಜಿಲ್ಲೆಯ ಡಂಬಳದಲ್ಲಿ 16 ಜನ ಸೆಟ್ಟಿಗಳು ಕೂಡಿ ಬುದ್ಧನಿಗೂ ಆರ್ಯತಾರಾದೇವಿಗೂ ವಿಹಾರ ಕಟ್ಟಿಸಿದ್ದರು. ಅದಕ್ಕೂ ಹಿಂದೆ ಬಳ್ಳಿಗಾವೆಯಲ್ಲಿ ಮಂತ್ರಿ ರೂಪಭಟ್ಟಯ್ಯ ಜಯಂತಿ ಪ್ರಬೋಧ ಬೌದ್ಧವಿಹಾರವನ್ನು ಎಬ್ಬಿಸಿದ್ದ. ಕನ್ನಡ ನಾಡಿನ ಬೌದ್ಧರ ಕೊನೆಯ ದೀಪಗಳ ಸಾಲಿನಲ್ಲಿ ಮಿರಜದ ಈ ಗುಡಿಯೂ ಒಂದು.

ಕೊನೆ ಇಲ್ಲಿಯಾದರೆ ಮೊದಲು ಎಲ್ಲಿ? ಅದನ್ನು ನೋಡಬೇಕೆಂದರೆ ಕೃಷ್ಣೆಯ ಹರಿವಿಗೆ ಎದುರಾಗಿ, ಮೇಲಕ್ಕೆ ಹೋಗಬೇಕು. ಮಿರಜದಿಂದ ಸಾಂಗಲಿ, ಸಾಂಗಲಿಯಿಂದ ಕರಾಡ. ಶಾಸನಗಳ ಕರಹಾಟ ಅದೇ. ಅಲ್ಲಿ ಕೃಷ್ಣೆ ಕೊಯ್ನೆಯರು ಕೂಡುವ ಕಣಿವೆಯ ಮೇಲೆ ಆಗಾಶಿವ ಗುಡ್ಡವಿದೆ. ಗುಡ್ಡದ ಮೈಯಲ್ಲಿ ಅರವತ್ತಕ್ಕೂ ಹೆಚ್ಚು ಬೌದ್ಧ ಗವಿಗಳಿವೆ.

ಮಿರಜ ಸ್ಟೇಷನ್ನಿನಲ್ಲಿ ಪುಣೆ ಕಡೆಯ ಪ್ಯಾಸೆಂಜರ್ ಗಾಡಿಗೆ ಕಾದು ನಿಂತರೆ ಕಿವಿಗೆ ಎರಡು ಭಾಷೆ ಒಟ್ಟೊಟ್ಟಿಗೇ ಬೀಳುತ್ತವೆ. ಜತ್ತದ ಕಡೆಯವರು, ಅಥಣಿ ಕಾಗವಾಡದವರು, ಉಗಾರದವರು. ಟಿಕೆಟ್ಟಿನವರೊಡನೆ ಮರಾಠಿ, ತಿರುಗಿ ಹೆಂಡತಿಯೊಡನೆ ಕನ್ನಡ. ‘ಎಲ್ಲಿಗ್ ಹೊಂಟೀರ್ರಿ?’ ಎಂಬ ಪ್ರಶ್ನೆಗೆ ‘ಕರಾಡಕ್ಕ’ ಎಂದರೆ, ಅಲ್ಲೇನು ಕೆಲಸ ಎಂದು ಯಾರೂ ಕೇಳುವುದಿಲ್ಲ. ಕಬ್ಬಿನ ಕಾರಖಾನೆ, ದವಾಖಾನೆ, ಬೀಗರ ಮನೆ, ಹೀಗೆ ಏನಾದರೂ ಇದ್ದೇ ಇರುತ್ತದೆ. ಈ ದಂಡೆಯಲ್ಲಿ ಹೀಗೆ ಬಂದುಹೋಗುವುದು ಬಲು ಹಳೆಯದು. ಮರಾಠಿ ರಂಗಭೂಮಿಯ ಮೊದಲ ನಾಟಕವೆನ್ನುವ ‘ಸೀತಾ ಸ್ವಯಂವರ’ವನ್ನು ವಿಷ್ಣುದಾಸ ಭಾವೆ 1843ರಲ್ಲಿ ಸಾಂಗಲಿಯ ದರಬಾರಿನಲ್ಲಿ ಆಡಿದ್ದು, ಕರ್ನಾಟಕದಿಂದ ಬಂದ ಭಾಗವತ ಮೇಳದವರ ಆಟ ನೋಡಿದ ಮೇಲೆ.

ಸಾಂಗಲಿ ಬಿಟ್ಟ ಮೇಲೆ ಭಿಲವಡಿ, ಕಿರ್ಲೋಸ್ಕರವಾಡಿ, ತಾಕಾರಿ, ಶೇಣೋಲಿ. ಎರಡೂ ಕಡೆ ಕಬ್ಬು, ಅರಿಸಿನ, ದ್ರಾಕ್ಷಿ. ಬೆಳಗಾವಿ ಸೀಮೆಯ ಗುರ್ಲಹೊಸೂರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡುವ ತಮ್ಮ ಉದ್ಯೋಗವನ್ನು ಬೆಳಗಾವಿಯಿಂದ ಎಬ್ಬಿಸಿ 1910ರಲ್ಲಿ ಇಲ್ಲಿ ಊರು ಕಟ್ಟಿದರು. ಈ ಕಣಿವೆಯ ಕಬ್ಬಿಣದ ವ್ಯಾಪಾರಕ್ಕೆ ಅದಕ್ಕಿಂತ ಎಷ್ಟೋ ಹಳೆಯ ದಾಖಲೆಯೊಂದಿದೆ. ಅದು ಮುಂದೆ ಬರುತ್ತದೆ.

ಕರಾಡ ಸ್ಟೇಷನ್ ಇರುವುದು ಓಗಲೆವಾಡಿಯಲ್ಲಿ, ಊರಿನಿಂದ ದೂರ. ಊರಿಗೆ ಬಂದವರು ಮೊದಲು ನೋಡಬೇಕಾದದ್ದು ಪ್ರೀತಿಸಂಗಮ. ಕೃಷ್ಣೆಯೂ ಕೊಯ್ನೆಯೂ ಹುಟ್ಟುವುದು ಒಂದೇ ಮಹಾಬಳೇಶ್ವರದ ನೆತ್ತಿಯ ಮೇಲೆ. ಹುಟ್ಟಿದ ಮೇಲೆ ಬೇರೆಬೇರೆ ಕಣಿವೆ ಹಿಡಿದು ಬಹುದೂರ ಬಂದು, ಇಲ್ಲಿ ಒಂದಕ್ಕೊಂದು ಮುಖಾಮುಖಿಯಾಗಿ ಎದುರಾಗುತ್ತವೆ. ಹೆಚ್ಚಿನ ಸಂಗಮಗಳಲ್ಲಿ ಒಂದು ನದಿ ಇನ್ನೊಂದರ ಪಕ್ಕಕ್ಕೆ ಬಂದು ಸೇರುತ್ತದೆ. ಇಲ್ಲಿ ಎರಡೂ ನೇರ ಎದುರುಬದುರು ಬಂದು, ಕೂಡಿ, ಪೂರ್ವಕ್ಕೆ ಹೊರಳುತ್ತವೆ. ದಂಡೆಯಲ್ಲಿ ಯಶವಂತರಾವ ಚವ್ಹಾಣರ ಸಮಾಧಿಯಿದೆ. ಸಂಜೆಗೆ ಊರವರೆಲ್ಲ ಅಲ್ಲಿಯೇ ಬಂದು ಕೂಡುತ್ತಾರೆ. ಅಲ್ಲಿಂದ ನೈಋತ್ಯಕ್ಕೆ ಕತ್ತೆತ್ತಿದರೆ ಆಗಾಶಿವ ಗುಡ್ಡ ಕಾಣುತ್ತದೆ.

ಗುಡ್ಡದ ಬುಡದ ಊರು ಜಖಿನವಾಡಿ. ಪುಣೆ–ಬೆಂಗಳೂರು ಹೆದ್ದಾರಿಯಿಂದ ಕೆಲವೇ ಕಿಲೋಮೀಟರು. ಊರು ದಾಟಿದ ಮೇಲೆ ಹತ್ತುವ ದಾರಿ. ಬೇಸಿಗೆಯಲ್ಲಿ ಒಣಹುಲ್ಲು, ಕುರುಚಲು, ಕಪ್ಪು ಬಂಡೆ. ಮಳೆಗಾಲದಲ್ಲಿ ಇದೇ ಗುಡ್ಡ ಹಸಿರಾಗಿ ಝರಿಗಳನ್ನು ಇಳಿಬಿಡುತ್ತದೆ. ನೆತ್ತಿಯ ಮೇಲೆ ಆಗಾಶಿವನ ಗುಡಿ. ಶ್ರಾವಣದಲ್ಲಿ ಅಲ್ಲಿಗೆ ಹತ್ತುವ ಭಕ್ತರು ಎಷ್ಟೋ ಜನ. ಅವರಲ್ಲಿ ನಡುದಾರಿಯ ಗವಿಗಳ ಕಡೆ ತಿರುಗುವವರು ಕಡಿಮೆ.

ಗವಿಗಳು ಮೂರು ಗುಂಪಾಗಿ ಹರಡಿವೆ. ಜಖಿನವಾಡಿಯ ಮೇಲಿನ ದಕ್ಷಿಣ ಮುಖದಲ್ಲಿ 23, ಅದರ ಪಶ್ಚಿಮಕ್ಕೆ ಚಾಚಿದ ದಿಣ್ಣೆಯಲ್ಲಿ 19, ಕೊಯ್ನೆ ಕಣಿವೆಯತ್ತ ನೋಡುವ ಉತ್ತರದ ಮೈಯಲ್ಲಿ ಚೆದುರಿದಂತೆ 22. ಇಂಗ್ಲಿಷರ ಕಾಲದ ಎಣಿಕೆ ಇದು. ಸಾತಾರದಲ್ಲಿ ಅಧಿಕಾರಿಯಾಗಿದ್ದ ಬಾರ್ಟ್ಲ್ ಫ್ರಿಯರ್ 19ನೇ ಶತಮಾನದ ನಡುವಿನಲ್ಲಿ ಇವುಗಳ ಬಗ್ಗೆ ಬರೆದ. ಆಮೇಲೆ ಜೇಮ್ಸ್ ಬರ್ಜೆಸ್ ಒಂದೊಂದನ್ನೂ ಅಳೆದು ದಾಖಲಿಸಿದ. ಇಂದು ಪುರಾತತ್ವ ಇಲಾಖೆಯ ಸಂರಕ್ಷಿತ ತಾಣ.

ಅಜಂತೆಯ ಬಣ್ಣವನ್ನೋ ಬಾದಾಮಿಯ ಶಿಲ್ಪವನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇಲ್ಲಿ ಮೊದಲ ನೋಟಕ್ಕೆ ಏನೂ ಸಿಗುವುದಿಲ್ಲ. ಬಹಳಷ್ಟು ಗವಿಗಳು ಚಿಕ್ಕವು, ಬೋಳು. ಒಂದು ಪಡಸಾಲೆ, ಒಳಗೆ ಒಂದೆರಡು ಕೋಣೆ, ಕೋಣೆಯಲ್ಲಿ ಬಂಡೆಯಲ್ಲೇ ಬಿಡಿಸಿದ ಮಲಗುವ ಕಟ್ಟೆ. ಇಲ್ಲಿಯ ಕಲ್ಲು ನಯವಾದ ಕೆತ್ತನೆಗೆ ಒಗ್ಗುವಂಥದ್ದಲ್ಲ. ಎಷ್ಟೋ ಕಡೆ ಮುಂಭಾಗ ಕುಸಿದು ಕಂಬಗಳು ಬಿದ್ದುಹೋಗಿವೆ. ಆದರೆ ಕಟ್ಟೆಯ ಮೇಲೆ ಒಂದು ಗಳಿಗೆ ಕೂತು ನೋಡಬೇಕು. ಹೊರಗೆ ಬಂಡೆ ಕಾದು ಕಾಲಿಡಲಾಗದಂತಾಗಿರುತ್ತದೆ; ಒಳಗೆ ತಂಪು. ಅಗಲ ಒಬ್ಬನಿಗೆ ಸರಿಯಾಗಿ ಅಳೆದಂತಿದೆ. ತೋಳು ಚಾಚಿದರೆ ಗೋಡೆ ಸಿಗುತ್ತದೆ. ಒಬ್ಬ ಮನುಷ್ಯನಿಗೆ ಬೇಕಾದದ್ದು ಇಷ್ಟು, ಇದಕ್ಕಿಂತ ಹೆಚ್ಚು ಬೇಡ ಎಂದು ಯಾರೋ ತೀರ್ಮಾನಿಸಿ, ಆ ತೀರ್ಮಾನದಂತೆ ಬಂಡೆ ಕೊರೆಸಿದ್ದಾರೆ. ಬೋಳುತನ ಇಲ್ಲಿ ಕೊರತೆಯಲ್ಲ. ಅದು ಭಿಕ್ಕುಗಳ ಬದುಕಿನ ಕಟ್ಟಳೆ.

ಗುಂಪಿನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಐದನೆಯ ಗವಿಯಲ್ಲಿ. ಇದು ಚೈತ್ಯ, ಪೂಜೆಯ ಮನೆ. ಉದ್ದನೆಯ ಹಜಾರದ ಹಿಂತುದಿ ಅರ್ಧಚಂದ್ರದಂತೆ ಬಾಗಿದೆ, ಮೇಲೆ ಕಮಾನಿನ ಚಾವಣಿ, ಆ ತುದಿಯಲ್ಲಿ ಇಡಿಯ ಬಂಡೆಯಿಂದ ಬಿಡಿಸಿದ ಸ್ತೂಪ. ಒಳಗೆ ಕಂಬಗಳ ಸಾಲಿಲ್ಲ. ಕಾರ್ಲೆಯಂಥ ಮಹಾಚೈತ್ಯಗಳ ಆಡಂಬರ ಇಲ್ಲಿಲ್ಲ. ಬಾಗಿಲ ಎರಡೂ ಪಕ್ಕ ಗೋಡೆಗೆ ಅಂಟಿದಂತೆ ಎರಡು ಕಂಬ ಕೆತ್ತಿದ್ದಾರೆ. ಒಂದರ ತಲೆಯ ಮೇಲೆ ಚಕ್ರ, ಇನ್ನೊಂದರ ಮೇಲೆ ಸಿಂಹ. ಕಾಲ ಸವೆಸಿದೆ, ಆದರೂ ಗುರುತು ಸಿಗುತ್ತದೆ. ಬುದ್ಧನ ಮೂರ್ತಿಯನ್ನು ಕಡೆಯುವ ರೂಢಿ ಈ ಕಡೆಗೆ ಇನ್ನೂ ಬಂದಿರದ ಕಾಲವದು. ಚಕ್ರ, ಸ್ತೂಪ, ಸಿಂಹ ಇಷ್ಟರಲ್ಲೇ ಬುದ್ಧನನ್ನು ಕಾಣುತ್ತಿದ್ದರು. ಎರಡು ಸಾವಿರ ವರ್ಷದ ಆಚೀಚೆಯ ಮಾತು.

ಇಲ್ಲಿ ಯಾಕೆ ಕೊರೆದರು? ಉತ್ತರ ಗವಿಯ ಬಾಗಿಲಲ್ಲಿ ನಿಂತರೇ ಸಿಗುತ್ತದೆ. ಕೆಳಗೆ ನದಿ, ನದಿಯ ಬದಿಗೆ ಊರು, ಊರಿಗೆ ಬಂದು ಸೇರುವ ಹಾದಿ. ಕೊಂಕಣದ ಚಿಪಳೂಣದಿಂದ ಕುಂಭಾರ್ಲಿ ಘಾಟು ಹತ್ತಿ ಕೊಯ್ನೆ ಕಣಿವೆ ಹಿಡಿದು ಬರುವ ದಾರಿ ನೇರ ಕರಾಡಕ್ಕೆ ಇಳಿಯುತ್ತದೆ. ಕಡಲಿನ ಸರಕು ದಖ್ಖನಕ್ಕೆ, ದಖ್ಖನದ ಸರಕು ಕಡಲಿಗೆ ಹೋಗುತ್ತಿದ್ದ ದಾರಿಗಳಲ್ಲಿ ಇದೂ ಒಂದು. ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬವನ್ನು 1940ರ ದಶಕದಲ್ಲಿ ಅಗೆದಾಗ ಗ್ರೀಕರ ಕಡಲದೇವತೆ ಪೊಸೈಡನ್ನನ ಕಂಚಿನ ಪುತ್ಥಳಿ ಸಿಕ್ಕಿತ್ತು ಎಂದರೆ ಈ ಘಾಟುಗಳ ಮೇಲೆ ಏನೇನು ಹತ್ತಿ ಬಂದಿರಬೇಕು ಎಂದು ಊಹಿಸಬಹುದು.

ಎರಡನೆಯ ಕಾರಣ ಮಳೆ. ಬೌದ್ಧ ಭಿಕ್ಕುಗಳು ವರ್ಷದ ಉಳಿದ ಕಾಲವೆಲ್ಲ ಊರೂರು ತಿರುಗಬೇಕು, ಮಳೆಗಾಲದ ಮೂರು ತಿಂಗಳು ಮಾತ್ರ ಒಂದೆಡೆ ನೆಲೆ ನಿಲ್ಲಬೇಕು. ಅದು ವರ್ಷಾವಾಸ. ಸಹ್ಯಾದ್ರಿಯ ಮಳೆ ಗೊತ್ತಿರುವವರಿಗೆ ಈ ನಿಯಮದ ಅರ್ಥ ಹೇಳಿಕೊಡಬೇಕಿಲ್ಲ. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿಗೂ ಮೇಲೆ ಏರಿ ಅರ್ಧ ಊರನ್ನೇ ಹೊಕ್ಕಿತ್ತು. ಅದೇ ನೀರು ಕೆಳಗೆ ಚಿಕ್ಕೋಡಿ, ರಾಯಬಾಗ, ಅಥಣಿಯ ಹಳ್ಳಿಗಳನ್ನೂ ಮುಳುಗಿಸಿತು; ಬೆಳಗಾವಿ ಜಿಲ್ಲೆಯ ಓದುಗರು ಅದನ್ನು ಮರೆತಿರಲಾರರು. ಹೊಳೆ ತುಂಬಿದಾಗ ದಾಟಲಾಗದು, ಘಾಟಿನಲ್ಲಿ ನಡೆಯಲಾಗದು. ಹೊಳೆಗೆ ಹತ್ತಿರ, ಆದರೆ ಹೊಳೆ ಎಂದೂ ಮುಟ್ಟದ ಎತ್ತರ. ಭಿಕ್ಷೆಗೆ ಊರು ಹತ್ತಿರ, ಆದರೆ ಊರ ಗದ್ದಲ ಕೇಳದಷ್ಟು ದೂರ. ಆಗಾಶಿವ ಗುಡ್ಡದಲ್ಲಿ ಇವೆಲ್ಲ ಒಟ್ಟಿಗೆ ಇವೆ.

ಕಟ್ಟಿಸಿದವರು ಯಾರು ಎಂಬ ಪ್ರಶ್ನೆ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಲ್ಲಿಯ ಒಂದು ಗವಿಯ ಬ್ರಾಹ್ಮಿ ಬರಹ ಅದನ್ನು ಗೋಪಾಲನ ಮಗ ಸಂಘಮಿತ್ರನ ದಾನವೆಂದು ಹೇಳುತ್ತದೆ. ಬಿರುದಿಲ್ಲ, ವಂಶಾವಳಿಯಿಲ್ಲ. ತಂದೆಯ ಹೆಸರು, ತನ್ನ ಹೆಸರು, ಕೊಟ್ಟದ್ದು ಏನು, ಅಷ್ಟೆ. ಕರಾಡದವರು ತಮ್ಮ ಊರಲ್ಲಷ್ಟೇ ಅಲ್ಲ, ಹೊರಗೂ ಕೊಟ್ಟಿದ್ದಾರೆ. ಕೊಂಕಣದ ಕುಡಾ ಗವಿಗಳಲ್ಲಿ ಒಂದನ್ನು ಕೊರೆಸಿದವನು ‘ಕರಹಾಕಡ’ದ ಕಬ್ಬಿಣದ ವ್ಯಾಪಾರಿ ಮಹಿಕ. ಈ ಕಣಿವೆಯ ಕಬ್ಬಿಣದ ವ್ಯಾಪಾರದ ಹಳೆಯ ದಾಖಲೆ ಎಂದೆನಲ್ಲ, ಅದು ಇದೇ. ಇನ್ನೂ ದೂರ ಹೋದರೆ ಮಧ್ಯಪ್ರದೇಶದ ಭಾರಹುತ. ಅಲ್ಲಿಯ ಸ್ತೂಪದ ಕಟಕಟೆಯನ್ನು 1873ರಲ್ಲಿ ಕನಿಂಗ್‌ಹ್ಯಾಮ್ ಕಂಡುಹಿಡಿದ. ಉಳಿದ ಭಾಗಗಳು ಈಗ ಕೋಲ್ಕತ್ತದ ಸಂಗ್ರಹಾಲಯದಲ್ಲಿವೆ. ಅದರಲ್ಲೊಂದು ಕಲ್ಲಿನ ಮೇಲೆ ‘ಕರಹಕಟ ನಿಗಮ’ದ ದಾನವೆಂದು ಕೊರೆದಿದೆ. ನಿಗಮವೆಂದರೆ ಪೇಟೆಯ ವರ್ತಕರೆಲ್ಲ ಕೂಡಿದ ಸಂಘ. ಸಾವಿರ ಕಿಲೋಮೀಟರಿಗೂ ಆಚೆ ನಡೆಯುತ್ತಿದ್ದ ಒಂದು ಪುಣ್ಯಕಾರ್ಯಕ್ಕೆ ಕೃಷ್ಣೆಯ ದಂಡೆಯ ಪೇಟೆಯವರು ಪಟ್ಟಿ ಹಾಕಿ ಹಣ ಕಳಿಸಿದ್ದರು.

ಇದೇ ಕಾಲದಲ್ಲಿ ಕನ್ನಡ ನಾಡಿನ ಸೆಟ್ಟಿಗಳೂ ಹೀಗೆಯೇ ಕೊಡುತ್ತಿದ್ದರು. ಕಾರ್ಲೆಯ ಮಹಾಚೈತ್ಯದ ಬಾಗಿಲ ಬಳಿಯ ಶಾಸನ ಅದನ್ನು ಪೂರ್ತಿಗೊಳಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲನೆಂದೂ ಜಂಬೂದ್ವೀಪದಲ್ಲೇ ಅದು ಉತ್ತಮವಾದ ಶಿಲಾಗೃಹವೆಂದೂ ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ. ಪುಣೆ ಮುಂಬಯಿಗಳ ನಡುವೆ ಲೋಣಾವಳಾದಲ್ಲಿ ಇಳಿದು ಕಾರ್ಲೆ ನೋಡಿ ಬರುವ ಕನ್ನಡಿಗರಲ್ಲಿ ಈ ಮಾತು ಗೊತ್ತಿರುವವರು ಎಷ್ಟು ಜನ? ಶಿರಸಿ ಸೀಮೆಯ ಸೆಟ್ಟಿಯೊಬ್ಬ ಕೊಟ್ಟ ಹಣದಿಂದ ಭಾರತದ ಬಹುದೊಡ್ಡ ಚೈತ್ಯವೊಂದು ಮುಗಿಯಿತು ಎಂಬುದನ್ನು ನಮ್ಮ ಮಕ್ಕಳ ಪಠ್ಯದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು.

ಕೃಷ್ಣೆಯನ್ನು ನಾವು ಅಣೆಕಟ್ಟು, ಟ್ರಿಬ್ಯುನಲ್ಲು, ಟಿಎಂಸಿಗಳ ಲೆಕ್ಕದಲ್ಲಿ ಮಾತ್ರ ಬಲ್ಲವರಾಗಿದ್ದೇವೆ. ಅದರ ಉದ್ದಕ್ಕೂ ಬುದ್ಧನ ಹೆಜ್ಜೆಗಳಿವೆ ಎಂಬುದನ್ನೂ ಸೇರಿಸಿ ನೋಡಬೇಕು. ಮೇಲೆ ವಾಯಿ ಹತ್ತಿರದ ಲೋಹಾರೆ ಗವಿಗಳು, ಆಮೇಲೆ ಕರಾಡ. ಉಪನದಿ ಪಂಚಗಂಗೆಯ ಮೇಲೆ ಕೊಲ್ಹಾಪುರ. ಅಲ್ಲಿ 1877ರಲ್ಲಿ ಸ್ತೂಪವೊಂದರ ಒಳಗಿಂದ ಸಿಕ್ಕ ಕರಂಡಕದ ಬರಹದಂತೆ ಅದು ಬ್ರಹ್ಮನೆಂಬವನ ದಾನ, ಮಾಡಿದವನು ಧರ್ಮಗುಪ್ತ. ಇನ್ನೊಂದು ಉಪನದಿ ಭೀಮೆಯ ದಂಡೆಯಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿ, ಕನಗನಹಳ್ಳಿ. ‘ರಾಯ ಅಸೋಕ’ ಎಂದು ಹೆಸರು ಬರೆದ ಅಶೋಕನ ಶಿಲ್ಪ ಅಲ್ಲಿಯದು. ಮಲಪ್ರಭೆಯ ಬಳಿ ಐಹೊಳೆಯ ಮೇಗುಟಿ ಗುಡ್ಡದ ಎರಡಂತಸ್ತಿನ ಬೌದ್ಧ ಗುಡಿ. ಕೆಳಗೆ ಆಂಧ್ರದಲ್ಲಿ ನಾಗಾರ್ಜುನಕೊಂಡ, ಅಮರಾವತಿ. ನಾಗಾರ್ಜುನಕೊಂಡದಲ್ಲಿ ವಿಹಾರ ಕಟ್ಟಿಸಿದವರಲ್ಲಿ ವನವಾಸದ, ಎಂದರೆ ಮತ್ತೆ ಬನವಾಸಿಯ, ಅರಸನ ರಾಣಿ ಕೊಡಬಲಿಸಿರಿಯೂ ಒಬ್ಬಳು. ರಾಜ್ಯಗಳ ಗಡಿ ಬರುವುದಕ್ಕೆ ಎಷ್ಟೋ ಮೊದಲು ಈ ನದಿ ಇಡೀ ದಖ್ಖನವನ್ನು ಒಂದು ದಾರದಲ್ಲಿ ಪೋಣಿಸಿತ್ತು.

ಕರಹಾಟ ಬೌದ್ಧರಿಗಷ್ಟೇ ಸೇರಿದ ಊರಾಗಿ ಉಳಿಯಲಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ, 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಜೈನಾಚಾರ್ಯ ಸಮಂತಭದ್ರರ ದಿಗ್ವಿಜಯದ ಪ್ರಸಂಗ ಬರುತ್ತದೆ. ಪಾಟಲಿಪುತ್ರ, ಮಾಳವ, ಸಿಂಧು, ಕಾಂಚಿ, ವಿದಿಶೆಗಳಲ್ಲಿ ವಾದದ ಭೇರಿ ಹೊಡೆದ ಅವರು ಕೊನೆಗೆ ಬಂದದ್ದು ಕರಹಾಟಕಕ್ಕೆ. ಭಟರಿಂದ ಕಿಕ್ಕಿರಿದ, ವಿದ್ಯೆಯಲ್ಲಿ ಮೇಲೆನಿಸಿದ ಊರೆಂದು ಅದರ ವರ್ಣನೆ. ವಾದಕ್ಕೆ ಬರಬೇಕಾದರೆ ಎದುರಾಳಿಗಳು ಇರಬೇಕಲ್ಲ. ಬೌದ್ಧರು, ಜೈನರು, ವೈದಿಕರು ಒಂದೇ ಪೇಟೆಯಲ್ಲಿ ಎದುರುಬದುರು ಕೂತು ತರ್ಕ ಮಾಡುತ್ತಿದ್ದ ಊರು ಇದಾಗಿರಬೇಕು ಎಂದು ನನಗೆ ಅನಿಸುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ 959ರ ತಾಮ್ರಪಟ ಸಿಕ್ಕಿದ್ದು ಇಲ್ಲಿ. ಆರನೆಯ ವಿಕ್ರಮಾದಿತ್ಯ ಕೈಹಿಡಿದ ಚಂದಲದೇವಿ ಕರಹಾಟದ ಶಿಲಾಹಾರರ ಮಗಳು. ಕಾಶ್ಮೀರದಿಂದ ಬಂದು ಕಲ್ಯಾಣದಲ್ಲಿ ನೆಲೆಸಿದ ಬಿಲ್ಹಣ ಆಕೆಯ ಸ್ವಯಂವರವನ್ನು ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ವರ್ಣಿಸಿದ್ದಾನೆ. ಅದೇ ಶಿಲಾಹಾರ ಮನೆತನದವನು ನಮ್ಮ ಗಂಡರಾದಿತ್ಯ.

ಹೀಗೆ ಜೋಡಿಸಿ ನೋಡಿದಾಗ ಮಿರಜದ ತಾಮ್ರಪಟ ಆಕಸ್ಮಿಕವೆನಿಸುವುದಿಲ್ಲ. ಕ್ರಿ.ಶ. 641ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ರಾಜ್ಯದಲ್ಲಿ ಸುತ್ತಾಡಿದ ಹ್ಯೂಯೆನ್ ತ್ಸಾಂಗ್ ನೂರಕ್ಕೂ ಹೆಚ್ಚು ಸಂಘಾರಾಮಗಳನ್ನೂ ಐದು ಸಾವಿರದಷ್ಟು ಭಿಕ್ಕುಗಳನ್ನೂ ಕಂಡೆನೆಂದು ಬರೆದಿದ್ದಾನೆ. ಆಗಾಶಿವ ಗುಡ್ಡದ ಮೊದಲ ಉಳಿಯೇಟಿನಿಂದ ಗಂಡಸಮುದ್ರದ ದಂಡೆಯವರೆಗೆ ಸಾವಿರ ವರ್ಷಕ್ಕೂ ಮಿಕ್ಕಿದ ಕಾಲ. ಅಷ್ಟು ಕಾಲ ಈ ಸೀಮೆಯ ಜನ ಬುದ್ಧನಿಗೆ ಜಾಗ ಕೊಟ್ಟಿದ್ದರು. ಮಿರಜದಲ್ಲೇ ಸಿಕ್ಕಿರುವ ಶಕ 1066ರ ಕನ್ನಡ ಶಾಸನ ಅಯ್ಯಾವೊಳೆ ಐನೂರ್ವರ ವರ್ತಕಸಂಘವನ್ನು ಹೇಳುತ್ತದೆ. ಕೆರೆಯ ದಂಡೆಯಲ್ಲಿ ಮೂರು ಧರ್ಮಗಳು ಒಟ್ಟಿಗೆ ಕೂರುವಂತೆ ಮಾಡಿದ್ದು ಅರಸನ ಔದಾರ್ಯ ಒಂದೇ ಅಲ್ಲ, ಇಂಥ ಪೇಟೆಗಳಲ್ಲಿ ಎಲ್ಲ ಮತದವರೂ ಕೂಡಿ ವ್ಯಾಪಾರ ಮಾಡುತ್ತಿದ್ದ ಬದುಕೂ ಹೌದು.

ಆಮೇಲೆ ಏನಾಯಿತು ಎಂಬುದಕ್ಕೂ ಗವಿಗಳೇ ಸಾಕ್ಷಿ. ಲೋಹಾರೆಯಲ್ಲಿ ಸ್ತೂಪವೇ ಲಿಂಗವಾಗಿ ಶಿವನ ಪೂಜೆ ಪಡೆಯುತ್ತದೆ. ಕರಾಡದ ಒಂದು ಗವಿಯಲ್ಲಿ ಸ್ತೂಪವನ್ನು ಒಡೆದು ಆ ಜಾಗದಲ್ಲಿ ವಿಠೋಬನನ್ನು ನಿಲ್ಲಿಸಿದ್ದನ್ನು ಬರ್ಜೆಸ್ ಕಂಡಿದ್ದ. ಗುಂಪಿನಲ್ಲಿ ಚೋಖಾಮೇಳಾನ ಹೆಸರು ಹೊತ್ತ ಗವಿಯೂ ಇದೆ. ಚೋಖಾಮೇಳಾ 14ನೇ ಶತಮಾನದ ವಾರಕರಿ ಸಂತ, ಮಹಾರ ಜಾತಿಯವನು. ಪಂಢರಪುರದ ಗುಡಿಯೊಳಗೆ ಅವನಿಗೆ ಪ್ರವೇಶವಿರಲಿಲ್ಲ, ಅವನ ಸಮಾಧಿ ಮಹಾದ್ವಾರದ ಹೊರಗೆ ಮೆಟ್ಟಿಲ ಬಳಿ ಇದೆ. ಬುದ್ಧನ ಭಿಕ್ಕುಗಳು ಬಿಟ್ಟುಹೋದ ಗವಿಗೆ ಜನ ಅವನ ಹೆಸರನ್ನೇ ಕೊಟ್ಟುಕೊಂಡರು. ಮಿರಜ ತಾಲೂಕಿನ ದಂಡೋಬಾ ಗುಡ್ಡದಲ್ಲೂ ಬಂಡೆ ಕೊರೆದ ಗುಡಿಯಿದೆ, ಅದು ಶಿವನದು. ಬಂಡೆಯಲ್ಲಿ ದೇವರ ಮನೆ ಬಿಡಿಸುವ ಕಸುಬು ಈ ಸೀಮೆಯಲ್ಲಿ ಬೌದ್ಧರ ನಂತರವೂ ನಡೆದಿತ್ತು.

ಗವಿಗಳ ಬದಿಯಲ್ಲಿ ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿಗಳಿವೆ. ಮಳೆನೀರು ಇಳಿದು ನಿಲ್ಲುವಂತೆ ಮಾಡಿದ ಏರ್ಪಾಡು. ಪಶ್ಚಿಮದ ಗವಿಗಳ ಶಾಸನಗಳಲ್ಲಿ ಗವಿಯ ದಾನದಷ್ಟೇ ಹೆಮ್ಮೆಯಿಂದ ಇಂಥ ಕುಡಿಯುವ ನೀರಿನ ತೊಟ್ಟಿಯ ದಾನವನ್ನೂ ಹೇಳುತ್ತಾರೆ. ದಾರಿಹೋಕನಿಗೆ ನೀರು ಕೊಡುವುದು ಧರ್ಮದ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. ತೊಟ್ಟಿಯ ಅಂಚಿನಲ್ಲಿ ನಿಂತಾಗ ನನಗೆ ನೆನಪಾದದ್ದು ಇಲ್ಲಿಗೆ ತೀರ ಹತ್ತಿರದ ಒಂದು ರೈಲ್ವೆ ಸ್ಟೇಷನ್.

ಮಿರಜದಿಂದ ಕರಾಡಕ್ಕೆ ಬಂದ ಅದೇ ಹಳಿ ಪುಣೆಯತ್ತ ಮುಂದುವರಿದರೆ ಮಸೂರು ಬರುತ್ತದೆ. 1901ರ ಸುಮಾರು. ಸಾತಾರದಲ್ಲಿ ಓದುತ್ತಿದ್ದ ಒಂಬತ್ತು ಹತ್ತರ ಪ್ರಾಯದ ಹುಡುಗನೊಬ್ಬ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳೊಡನೆ, ಗೋರೆಗಾಂವದಲ್ಲಿ ನೌಕರಿಯಲ್ಲಿದ್ದ ತಂದೆಯನ್ನು ನೋಡಲು ಹೊರಟು ಮಸೂರಿನಲ್ಲಿ ಇಳಿದ. ಹೊಸ ಅಂಗಿ, ತಲೆಗೆ ಜರಿಯ ಟೋಪಿ. ಕಾಗದ ಸಮಯಕ್ಕೆ ಮುಟ್ಟದೆ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಕ್ಕಳು ಮಹಾರರೆಂದು ತಿಳಿದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ಗಾಡಿಯವರು ಯಾರೂ ಅವರನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆಗೆ ಒಬ್ಬ ಒಪ್ಪಿದ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನೆಂಬ ಕರಾರಿನ ಮೇಲೆ. ರಾತ್ರಿಯಿಡೀ ಬುತ್ತಿ ಕೈಯಲ್ಲಿತ್ತು, ಕುಡಿಯಲು ನೀರಿರಲಿಲ್ಲ. ಸುಂಕದ ಕಟ್ಟೆಯವನು ಕೂಡ ನೀರು ಕೊಡಲಿಲ್ಲ. ಮಕ್ಕಳು ಹಸಿದೇ ಮಲಗಿದರು. ಆ ಹುಡುಗ ಭೀಮರಾವ್ ಅಂಬೇಡ್ಕರ್. ಅವರೇ ಈ ಪ್ರಸಂಗವನ್ನು ಮುಂದೆ ವಿವರವಾಗಿ ಬರೆದಿಟ್ಟಿದ್ದಾರೆ.

ಎರಡು ಸಾವಿರ ವರ್ಷಗಳ ಹಿಂದೆ ಯಾರು ಬಂದರೂ ಕುಡಿಯಲೆಂದು ಬಂಡೆ ಕೊರೆದು ನೀರು ನಿಲ್ಲಿಸಿದ್ದ ಅದೇ ಕಣಿವೆಯಲ್ಲಿ ಒಂದು ಮಗುವಿಗೆ ನೀರು ಸಿಗಲಿಲ್ಲ. ಈ ಗವಿಗಳನ್ನು ನೋಡುವವರು ಈ ಎರಡನ್ನೂ ಒಟ್ಟಿಗೆ ನೆನೆಯಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ಮಹಾಡದ ಚವದಾರ ಕೆರೆಯ ನೀರು ಕುಡಿದರು. ಆ ಮಹಾಡ ಇರುವುದು ಇದೇ ಸಹ್ಯಾದ್ರಿಯ ಪಶ್ಚಿಮದ ಇಳಿಜಾರಿನಲ್ಲಿ, ಕೃಷ್ಣೆ ಕೊಯ್ನೆಯರ ಜೊತೆಗೆ ಮಹಾಬಳೇಶ್ವರದಲ್ಲೇ ಹುಟ್ಟಿ ಪಡುವಣಕ್ಕೆ ಇಳಿಯುವ ಸಾವಿತ್ರಿ ನದಿಯ ದಂಡೆಯಲ್ಲಿ. ಊರ ಪಕ್ಕದ ಗಂಧಾರಪಾಲೆಯಲ್ಲಿ ಬೌದ್ಧ ಗವಿಗಳಿವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬುದ್ಧನ ಧರ್ಮವನ್ನು ಸ್ವೀಕರಿಸಿದರು. ಲಕ್ಷಗಟ್ಟಲೆ ಜನ ಅವರ ಜೊತೆ ನಡೆದರು. ಸಾಂಗಲಿ, ಸಾತಾರ, ಕೊಲ್ಹಾಪುರ ಸೀಮೆಯ ಹಳ್ಳಿ ಹಳ್ಳಿಗಳಲ್ಲಿ ಇಂದು ಬುದ್ಧವಿಹಾರಗಳಿವೆ. ಗಂಡರಾದಿತ್ಯನ ಕಾಲದ ನಂತರ ಬಹುಕಾಲ ಖಾಲಿಯಿದ್ದ ಜಾಗಕ್ಕೆ ಬುದ್ಧ ಮರಳಿ ಬಂದದ್ದು ಅರಸರ ದತ್ತಿಯಿಂದಲ್ಲ, ಹೀಗೆ ಜನರ ನಿರ್ಧಾರದಿಂದ.

ನಾನು ಹೋದ ದಿನ ಗವಿಯೆದುರು ಒಂದು ಕುಟುಂಬ ಬುತ್ತಿ ಬಿಚ್ಚಿತ್ತು. ಬಿಳಿ ಸೀರೆಯುಟ್ಟ ಹಿರಿಯಾಕೆ, ಇಬ್ಬರು ಮಕ್ಕಳು, ಅವರ ತಂದೆ. ಜತ್ತ ಸೀಮೆಯವರು, ಹಾಗಾಗಿ ಕನ್ನಡ ಬರುತ್ತಿತ್ತು. ಸ್ತೂಪದ ಮುಂದೆ ತ್ರಿಸರಣ ಪಂಚಶೀಲ ಹೇಳಿ ಬಂದಿದ್ದರು. ಮಕ್ಕಳಿಗೆ ಇದನ್ನೆಲ್ಲ ತೋರಿಸದಿದ್ದರೆ ತಮ್ಮದು ನಾಗಪುರದಿಂದ ಶುರುವಾಯಿತು ಎಂದುಕೊಳ್ಳುತ್ತವೆ, ಅದಕ್ಕೂ ಮೊದಲು ಇತ್ತು ಎಂದು ಗೊತ್ತಾಗಲಿ ಎಂದು ಕರೆತಂದದ್ದಾಗಿ ಆಕೆ ಹೇಳಿದರು. ಇಡೀ ದಿನದಲ್ಲಿ ನಾನು ಕೇಳಿದ ಬಹಳ ತೂಕದ ಮಾತು ಅದು.

ಆದರೆ ತೋರಿಸಲು ಅಲ್ಲಿ ನೆರವೇನಿದೆ? ನೋಡುವವನಿಗೆ ಈ ಗವಿ ಯಾರದು, ಭಾರಹುತದಲ್ಲಿ ಈ ಊರಿನ ಹೆಸರಿದೆ, ಕುಡಾದಲ್ಲಿ ಮಹಿಕನ ಹೆಸರಿದೆ ಎಂದು ತಿಳಿಸುವಂತೆ ಬರೆದ ಫಲಕ ಬೇಕು. ಮರಾಠಿಯಲ್ಲೂ ಇಂಗ್ಲಿಷಿನಲ್ಲೂ, ಇಷ್ಟು ಕನ್ನಡಿಗರು ಓಡಾಡುವ ದಾರಿಯಲ್ಲಿ ಕನ್ನಡದಲ್ಲೂ. ಗೋಡೆಗಳ ಮೇಲೆ ಪ್ರೇಮಿಗಳು ಹೆಸರು ಕೊರೆದಿದ್ದಾರೆ. ಎರಡು ಸಾವಿರ ವರ್ಷ ಮಳೆಗೆ ನಿಂತ ಕಲ್ಲು ಒಂದು ಮೊಳೆಗೆ ಸೋಲುತ್ತದೆ. ಕರ್ನಾಟಕದ ಪುರಾತತ್ವ ಇಲಾಖೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಗಳಿಗೆ ನನ್ನದೊಂದು ಬೇಡಿಕೆಯಿದೆ. ವಾಯಿಯಿಂದ ಅಮರಾವತಿಯವರೆಗಿನ ಕೃಷ್ಣಾ ದಂಡೆಯ ಬೌದ್ಧ ನೆಲೆಗಳ ಬಗ್ಗೆ, ಅಲ್ಲಿ ಬರುವ ಕನ್ನಡ ನಾಡಿನ ದಾನಿಗಳ ಹೆಸರುಗಳನ್ನೂ ಸೇರಿಸಿ, ಸಾಮಾನ್ಯ ಓದುಗ ಕೈಯಲ್ಲಿ ಹಿಡಿದು ಹೋಗಬಹುದಾದ ಒಂದು ಕನ್ನಡ ಪುಸ್ತಕ ತನ್ನಿ. ಮೂರು ರಾಜ್ಯಗಳ ವಿದ್ವಾಂಸರು ಕೂಡಿ ಮಾಡಬೇಕಾದ ಕೆಲಸ. ನೀರಿನ ಜಗಳ ಇದಕ್ಕೆ ಅಡ್ಡ ಬರಬೇಕಿಲ್ಲ.

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯಿಂದ ಪುಣೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವವರು ಕರಾಡಕ್ಕೆ ಸ್ವಲ್ಪ ಮೊದಲು ಎಡಕ್ಕೆ ನೋಡಿದರೆ ಈ ಗುಡ್ಡ ಕಾಣುತ್ತದೆ. ಮುಂದಿನ ಸಲ ಗಾಡಿ ನಿಲ್ಲಿಸಿ, ಜಖಿನವಾಡಿಗೆ ದಾರಿ ಕೇಳಿ, ಹತ್ತಿ. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗುವುದು ಒಳ್ಳೆಯದು. ಬಿಸಿಲೇರುವ ಮುಂಚೆ ಹೊರಡಿ. ಟಾರ್ಚು ಜೊತೆಗಿರಲಿ, ಬಾವಲಿಗಳಿರುವ ಕೋಣೆಗಳನ್ನು ಬಿಟ್ಟುಬಿಡಿ. ಮಕ್ಕಳನ್ನು ಕರೆದೊಯ್ಯಿರಿ, ಐದನೆಯ ಗವಿಯ ಬಾಗಿಲ ಪಕ್ಕದ ಚಕ್ರವನ್ನೂ ಸಿಂಹವನ್ನೂ ಅವರಿಗೆ ತೋರಿಸಿ, ಮಹಿಕನ ಹೆಸರನ್ನೂ ಭೂತಪಾಲನ ಹೆಸರನ್ನೂ ಹೇಳಿ. ಗೋಡೆಗಳನ್ನು ಮಾತ್ರ ಇದ್ದಂತೆಯೇ ಬಿಟ್ಟು ಬನ್ನಿ.